ಟೋಕನ್ ಗುಂಡಿನಿಂದ ಅಖಂಡ ಕ್ರಿಯೆಯವರೆಗೆ: ಒಂದು ಪರೀಕ್ಷೆಯ ಇತಿಹಾಸ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಂತ್ರಾಂಶ ಬರೆಯುವ ಉದ್ಯೋಗದಲ್ಲಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರಿಂದ ನಾನು ಮತ್ತೆ ಮತ್ತೆ ಕೇಳುವ ಒಂದು ಮಾತಿದೆ: "ಸರ, ಸಾವಿರ ಸಲ ಓಡಿಸಿ ನೋಡಿದ್ವಿ, ಎಲ್ಲಾ ಬರೋಬರಿ ಬಂತು. ಗಿರಾಕಿ ಕಡೆ ಹೋದ ಮ್ಯಾಲೆ ಕೆಟ್ಟಿತು." ಸಾವಿರ ಸಲ ಸರಿಬಂದದ್ದು ಸಾವಿರದ ಒಂದನೆಯ ಸಲ ಕೆಡುವುದಾದರೂ ಹೇಗೆ? ಈ ಪ್ರಶ್ನೆ ಕಂಪ್ಯೂಟರಿನಷ್ಟೇ ಹೊಸದೆಂದು ಅನೇಕರು ಭಾವಿಸಿದ್ದಾರೆ. ಆದರೆ ಇದರ ಬೇರು ನಮಗೆಲ್ಲ ಚಿರಪರಿಚಿತವಾದ ರೈಲಿನ ಒಂಟಿ ಹಳಿಯಲ್ಲಿದೆ. ಆ ಹಳಿಯಿಂದ ಹೊರಟು ಇಂದಿನ 'ರಸ್ಟ್' ಎಂಬ ಕಂಪ್ಯೂಟರ್ ಭಾಷೆಯವರೆಗೆ ಬಂದಿರುವ ಒಂದು ವಿಚಾರದ ಇತಿಹಾಸವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ಕಂಪ್ಯೂಟರಿನ ಪರಿಚಯವಿಲ್ಲದ ಬಂಧುಗಳೂ ಓದಬಹುದು. ಬೇಕಾಗುವುದು ಹತ್ತನೆಯ ತರಗತಿಯ ಗಣಿತವಷ್ಟೆ.

ಹುಬ್ಬಳ್ಳಿ–ಧಾರವಾಡದವರಾದ ನಮಗೆ ರೈಲ್ವೆಯ ಇತಿಹಾಸವೆಂದರೆ ಮನೆಯ ಇತಿಹಾಸವಿದ್ದಂತೆ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ಪ್ರಧಾನ ಕಚೇರಿ ಧಾರವಾಡದಲ್ಲಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಡನೆ ವಿಲೀನವಾಗಿ ಕಚೇರಿ ಮದ್ರಾಸಿಗೆ ಹೋದ ಬಳಿಕ, ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿನ ಮನೆಯಾಯಿತು. 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿ ನೈಋತ್ಯ ರೈಲ್ವೆ ವಲಯದ ಕೇಂದ್ರವಾಗಿದೆ. ನಮ್ಮ ರಾಯಾಪುರದ ಎರಡೂ ಬದಿಗೆ ಅಮರಗೋಳ, ನವಲೂರು ನಿಲ್ದಾಣಗಳಿವೆ. ಇಂತಹ ಎರಡು ಸಣ್ಣ ನಿಲ್ದಾಣಗಳ ನಡುವೆ ಒಂದೇ ಹಳಿ ಇದ್ದರೆ, ಎರಡೂ ಕಡೆಯಿಂದ ಗಾಡಿಗಳು ಒಂದೇ ವೇಳೆಗೆ ಹೊರಡದಂತೆ ನೋಡಿಕೊಳ್ಳುವುದು ಹೇಗೆ? ಹಳಿ ಖಾಲಿ ಇದೆಯೇ ಎಂದು ನೋಡಿ ಗಾಡಿ ಬಿಟ್ಟರಾಯಿತು ಎಂದು ಯಾರಾದರೂ ಹೇಳಬಹುದು. ಆದರೆ ನೋಡುವುದಕ್ಕೂ ಬಿಡುವುದಕ್ಕೂ ನಡುವೆ ಒಂದು ಸಣ್ಣ ಬಿರುಕಿದೆ. ಅಪಾಯ ಅಡಗಿ ಕುಳಿತಿರುವುದು ಆ ಬಿರುಕಿನಲ್ಲಿಯೇ.

ಇಂಗ್ಲೆಂಡಿನ ನಾರ್ವಿಚ್ ಬಳಿಯ ಥಾರ್ಪ್ ಎಂಬಲ್ಲಿ 1874ರ ಸೆಪ್ಟೆಂಬರ್ 10ರ ರಾತ್ರಿ ನಡೆದದ್ದು ಇದೇ. ನಾರ್ವಿಚ್ ಮತ್ತು ಬ್ರಂಡಲ್ ನಿಲ್ದಾಣಗಳ ನಡುವೆ ಆಗ ಒಂಟಿ ಹಳಿ ಇತ್ತು. ಟೆಲಿಗ್ರಾಫಿನ ಮೂಲಕ ಅನುಮತಿ ಪಡೆದು ಗಾಡಿ ಬಿಡುವುದು ಅಲ್ಲಿಯ ಪದ್ಧತಿ. ಲಂಡನ್ನಿನಿಂದ ಬರಬೇಕಾದ ಎಕ್ಸ್‌ಪ್ರೆಸ್ ತಡವಾಗಿತ್ತು. ಆದುದರಿಂದ ಬ್ರಂಡಲ್ಲಿನಲ್ಲಿ ನಿಂತಿದ್ದ ಟಪಾಲು ಗಾಡಿಯನ್ನು ಮೊದಲು ಕಳುಹಿಸುವ ಸಂದೇಶ ಸಿದ್ಧವಾಯಿತು. ಅಧಿಕಾರಿಯ ಸಹಿ ಬೀಳುವ ಮೊದಲೇ ಆ ಸಂದೇಶ ತಂತಿಯ ಮೇಲೆ ಹೊರಟುಹೋಯಿತು. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಬಂದಿತು, ಅದನ್ನೂ ಬಿಡಲಾಯಿತು. ತಪ್ಪು ಅರಿವಾಗಿ ತಡೆಯುವ ಸಂದೇಶ ಕಳುಹಿಸಿದಾಗ ಬಂದ ಉತ್ತರ, 'ಟಪಾಲು ಗಾಡಿ ಹೊರಟಾಗಿದೆ' ಎಂಬುದು. ಎರಡು ಗಾಡಿಗಳೂ ಮುಖಾಮುಖಿ ಡಿಕ್ಕಿಯಾಗಿ 25 ಜನ ಮೃತರಾದರು. ಅದೇ ಪದ್ಧತಿಯಲ್ಲಿ ಅದೇ ಹಳಿಯ ಮೇಲೆ ಅದುವರೆಗೆ ಎಷ್ಟೋ ಗಾಡಿಗಳು ಸುರಕ್ಷಿತವಾಗಿ ಓಡಾಡಿದ್ದವು ಎಂಬುದನ್ನು ಗಮನಿಸಬೇಕು. ಪ್ರತಿದಿನದ ಯಶಸ್ಸು ಪದ್ಧತಿಯ ದೋಷವನ್ನು ಮುಚ್ಚಿಟ್ಟಿತ್ತು.

ಇದಾದ ಮೇಲೆ ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರ್ 1878ರಲ್ಲಿ ವಿದ್ಯುತ್ ಟ್ಯಾಬ್ಲೆಟ್ ಯಂತ್ರಕ್ಕೆ ಪೇಟೆಂಟ್ ಪಡೆದನು. ನಮ್ಮ ದೇಶದ ಒಂಟಿ ಹಳಿಗಳ ಮೇಲೆ ಬಹುಕಾಲ ಬಳಕೆಯಲ್ಲಿದ್ದ 'ನೀಲ್ಸ್ ಬಾಲ್ ಟೋಕನ್' ಯಂತ್ರವೂ ಇದೇ ತತ್ತ್ವದ್ದು. ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ: ಬೆತ್ತದ ದೊಡ್ಡ ಬಳೆ, ಅದಕ್ಕೊಂದು ಚರ್ಮದ ಚೀಲ, ಚೀಲದೊಳಗೆ ಲೋಹದ ಗುಂಡು. ಓಡುವ ಎಂಜಿನ್ನಿನ ಚಾಲಕ ಕೈಚಾಚಿ ಆ ಬಳೆಯನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದನು. ಎರಡು ನಿಲ್ದಾಣಗಳ ಯಂತ್ರಗಳೂ ವಿದ್ಯುತ್ತಿನಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಒಂದು ಕಡೆಯಿಂದ ಗುಂಡು ಹೊರಬಂದ ಕ್ಷಣವೇ ಎರಡೂ ಕಡೆ ಬೀಗ ಬೀಳುತ್ತದೆ. ಆ ಗುಂಡು ಯಾವುದಾದರೊಂದು ಯಂತ್ರದೊಳಗೆ ಮರಳಿ ಸೇರುವವರೆಗೆ ಎರಡನೆಯ ಗುಂಡು ಹೊರಬರಲಾರದು. ಇಲ್ಲಿ 'ಹಳಿ ಖಾಲಿ ಇದೆ' ಎಂದು ತಿಳಿಯುವುದು, 'ಹಳಿ ನನ್ನದು' ಎಂದು ಹಿಡಿಯುವುದು ಎರಡು ಕೆಲಸಗಳಲ್ಲ, ಒಂದೇ ಕೆಲಸ. ನಡುವೆ ಇನ್ನೊಬ್ಬರು ನುಸುಳಲು ಎಡೆಯೇ ಇಲ್ಲ.

ಈ ಗುಣಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ 'ಅಟಾಮಿಕ್' ಎಂದು ಹೆಸರು. ಅಣುಬಾಂಬಿಗೂ ಇದಕ್ಕೂ ಸಂಬಂಧವಿಲ್ಲ. 'ಕತ್ತರಿಸಲಾಗದ್ದು' ಎಂಬ ಗ್ರೀಕ್ ಮೂಲಾರ್ಥದಲ್ಲಿಯೇ ಅದರ ಬಳಕೆ. ನಾನು ಇದನ್ನು 'ಅಖಂಡ ಕ್ರಿಯೆ' ಎಂದು ಕರೆಯುತ್ತೇನೆ.

ಕಂಪ್ಯೂಟರಿಗೆ ಇದರ ಅಗತ್ಯವೇನು ಎಂಬುದನ್ನು ಶಾಲೆಯ ಉದಾಹರಣೆಯಿಂದಲೇ ನೋಡೋಣ. ಸಭಾಂಗಣಕ್ಕೆ ಎರಡು ಬಾಗಿಲುಗಳಿವೆ. ಪ್ರತಿ ಬಾಗಿಲಿಗೂ ಒಬ್ಬ ಶಿಕ್ಷಕರು. ನಡುವೆ ಒಂದೇ ಹಲಗೆ, ಅದರ ಮೇಲೆ ಒಳಬಂದ ಮಕ್ಕಳ ಸಂಖ್ಯೆ. ಮಗು ಒಳಬಂದಾಗ ಶಿಕ್ಷಕರು ಮಾಡುವುದು ಮೂರು ಹೆಜ್ಜೆಯ ಕೆಲಸ: ಹಲಗೆಯನ್ನು ಓದುವುದು, ಮನಸ್ಸಿನಲ್ಲಿ ಒಂದು ಕೂಡಿಸುವುದು, ಹೊಸ ಸಂಖ್ಯೆ ಬರೆಯುವುದು. ಹಲಗೆಯ ಮೇಲೆ 40 ಇದೆ ಎನ್ನಿ. ಇಬ್ಬರೂ ಒಟ್ಟಿಗೆ 40 ಎಂದು ಓದಿದರೆ, ಇಬ್ಬರೂ 41 ಎಂದು ಬರೆಯುತ್ತಾರೆ. ಮಕ್ಕಳು ಬಂದದ್ದು ಇಬ್ಬರು, ಲೆಕ್ಕಕ್ಕೆ ಸೇರಿದ್ದು ಒಬ್ಬ. ಕಂಪ್ಯೂಟರಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಧಾರೆಗಳಿಗೆ 'ಥ್ರೆಡ್', ಎಂದರೆ ಎಳೆ, ಎನ್ನುತ್ತಾರೆ. ಆ ಎಳೆಗಳೇ ಇಲ್ಲಿಯ ಶಿಕ್ಷಕರು, ಮೆಮೊರಿಯೇ ಹಲಗೆ.

ಈಗ ಗಣಿತ. ಇಬ್ಬರು ಶಿಕ್ಷಕರು, ತಲಾ ಮೂರು ಹೆಜ್ಜೆ. ಪ್ರತಿಯೊಬ್ಬರ ಹೆಜ್ಜೆಗಳ ಅನುಕ್ರಮ ಬದಲಾಗಬಾರದು, ಆದರೆ ಇಬ್ಬರ ಹೆಜ್ಜೆಗಳೂ ಪರಸ್ಪರ ಹೆಣೆದುಕೊಳ್ಳಬಹುದು. ವಿಕಲ್ಪಗಳ ಪಾಠವನ್ನು ನೆನಪಿಸಿಕೊಳ್ಳಿರಿ: ಆರು ಸ್ಥಾನಗಳಲ್ಲಿ ಮೂರನ್ನು ಆರಿಸುವ ರೀತಿಗಳು 20. ಈ 20 ಹೆಣಿಗೆಗಳಲ್ಲಿ ಸರಿಯಾದ ಉತ್ತರ ಕೊಡುವಂಥವು ಎಷ್ಟು? ಒಬ್ಬರು ಪೂರ್ತಿ ಮುಗಿಸಿದ ಮೇಲೆ ಇನ್ನೊಬ್ಬರು ಆರಂಭಿಸುವ ಎರಡು ಮಾತ್ರ. ಉಳಿದ 18 ಹೆಣಿಗೆಗಳಲ್ಲಿಯೂ ಲೆಕ್ಕ ತಪ್ಪುತ್ತದೆ. ಆದರೂ ಪ್ರೋಗ್ರಾಮ್ ಓಡಿಸಿದಾಗ ಬಹುಪಾಲು ಸರಿಯುತ್ತರವೇ ಬರುತ್ತದೆ, ಏಕೆಂದರೆ ಈ ಹೆಣಿಗೆಗಳೆಲ್ಲ ಸಮಾನ ಸಂಭವನೀಯತೆಯುಳ್ಳವಲ್ಲ. ಮಕ್ಕಳು ಒಬ್ಬೊಬ್ಬರಾಗಿ ನಿಧಾನವಾಗಿ ಬರುವ ದಿನ ಇಬ್ಬರು ಶಿಕ್ಷಕರೂ ಒಟ್ಟಿಗೆ ಹಲಗೆಯ ಮುಂದೆ ನಿಲ್ಲುವುದೇ ಅಪರೂಪ. ನೂಕುನುಗ್ಗಲಿನ ದಿನ ಮಾತ್ರ ದೋಷ ಹೊರಬೀಳುತ್ತದೆ. ನಮ್ಮ ಹುಡುಗರ ಸಾವಿರ ಸಲದ ಪರೀಕ್ಷೆ ನಿಧಾನದ ದಿನದ ಪರೀಕ್ಷೆ. ಗಿರಾಕಿಯ ಮನೆಯದು ನೂಕುನುಗ್ಗಲಿನ ದಿನ.

ಕಂಪ್ಯೂಟರ್ ಜಗತ್ತಿನಲ್ಲಿ ಈ ಸಮಸ್ಯೆಯನ್ನು ಸ್ಪಷ್ಟವಾಗಿ ಮಂಡಿಸಿದವನು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1965ರಲ್ಲಿ ಆತ ಪ್ರಕಟಿಸಿದ ಪ್ರಬಂಧ ಒಂದು ಪುಟದಷ್ಟೇ ಇತ್ತು. ಹಲವು ಕಂಪ್ಯೂಟರುಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಾಗ, ನಿರ್ಣಾಯಕ ಭಾಗದೊಳಗೆ ಒಮ್ಮೆಗೆ ಒಂದೇ ಪ್ರವೇಶಿಸುವಂತೆ ಮಾಡುವುದು ಹೇಗೆ ಎಂಬುದೇ ಅದರ ವಿಷಯ. ಆತ ರೂಪಿಸಿದ ಇನ್ನೊಂದು ಸಾಧನಕ್ಕೆ 'ಸೆಮಾಫೋರ್' ಎಂದು ಹೆಸರಿಟ್ಟನು. ಸೆಮಾಫೋರ್ ಎಂದರೆ ರೈಲು ನಿಲ್ದಾಣದ ಕೈಮರ, ತೋಳೆತ್ತಿ ಇಳಿಸುವ ಸಿಗ್ನಲ್ ಕಂಬ. ರೈಲ್ವೆಯ ಅನುಭವ ಕಂಪ್ಯೂಟರಿನೊಳಗೆ ಹೆಸರು ಸಮೇತ ಪ್ರವೇಶಿಸಿತು.

ಇದೇ ಸಂದರ್ಭದಲ್ಲಿ ಬೋಧಪ್ರದವಾದ ಒಂದು ಪ್ರಸಂಗ ನಡೆಯಿತು. 1966ರ ಜನವರಿಯಲ್ಲಿ ಅದೇ ಪತ್ರಿಕೆಯಲ್ಲಿ ಹ್ಯಾರಿಸ್ ಹೈಮನ್ ಎಂಬುವರು, ಎರಡೇ ಕಂಪ್ಯೂಟರುಗಳಿದ್ದಾಗ ಇನ್ನೂ ಸರಳವಾದ ಪರಿಹಾರವಿದೆ ಎಂದು ಬರೆದರು. ಕೆಲವೇ ಸಾಲುಗಳ ಪ್ರೋಗ್ರಾಮ್, ಓದಿದರೆ ಸರಿಯೆಂದೇ ತೋರುತ್ತದೆ. ಮೇ ತಿಂಗಳಲ್ಲಿ ಡೊನಾಲ್ಡ್ ಕ್ನೂತ್ ಅದು ತಪ್ಪೆಂದು ತೋರಿಸಿದನು. ಹೆಜ್ಜೆಗಳು ಒಂದು ನಿರ್ದಿಷ್ಟ ರೀತಿಯಲ್ಲಿ ಹೆಣೆದುಕೊಂಡರೆ ಎರಡೂ ಒಟ್ಟಿಗೆ ಒಳನುಗ್ಗುತ್ತಿದ್ದವು. ತಪ್ಪು ಸಿಕ್ಕಿದ್ದು ಹೆಚ್ಚು ಸಲ ಓಡಿಸಿದ್ದರಿಂದಲ್ಲ, ಹೆಣಿಗೆಗಳನ್ನು ಕ್ರಮವಾಗಿ ಯೋಚಿಸಿದ್ದರಿಂದ.

ಯಂತ್ರ ತಯಾರಕರು ಟೋಕನ್ ಗುಂಡಿಗೆ ಸಮಾನವಾದ ಆದೇಶಗಳನ್ನು ಪ್ರೊಸೆಸರಿನೊಳಗೇ ಒದಗಿಸತೊಡಗಿದ್ದರು. 1964ರಲ್ಲಿ ಘೋಷಣೆಯಾದ ಐಬಿಎಂ ಸಿಸ್ಟಮ್/360 ಯಂತ್ರದಲ್ಲಿ 'ಟೆಸ್ಟ್ ಅಂಡ್ ಸೆಟ್' ಎಂಬ ಆದೇಶವಿತ್ತು: ಬೀಗ ತೆರೆದಿದೆಯೇ ನೋಡು ಮತ್ತು ಹಾಕು, ಎರಡೂ ಒಂದೇ ಕ್ರಿಯೆ. ಅದರ ಮುಂದಿನ ಪೀಳಿಗೆಯಾದ ಸಿಸ್ಟಮ್/370ರಲ್ಲಿ 'ಕಂಪೇರ್ ಅಂಡ್ ಸ್ವಾಪ್' ಬಂದಿತು: ಹಲಗೆಯ ಮೇಲೆ ನಾನು ಓದಿದ ಸಂಖ್ಯೆಯೇ ಇನ್ನೂ ಇದ್ದರೆ ಮಾತ್ರ ನನ್ನದನ್ನು ಬರೆ, ಇಲ್ಲದಿದ್ದರೆ ತಿಳಿಸು. 1978ರ ಇಂಟೆಲ್ 8086 ಎಂಬ ಪುಟ್ಟ ಪ್ರೊಸೆಸರಿನಲ್ಲಿಯೂ 'ಲಾಕ್' ಎಂಬ ಸೂಚನೆ ಇತ್ತು.

8086ರ ಹೆಸರು ಬಂದಾಗ ನಮ್ಮ ನಾಡಿನ ಒಂದು ಸಾಧನೆಯನ್ನು ಸ್ಮರಿಸದಿರಲಾಗದು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ, ಯು. ಎನ್. ಸಿನ್ಹಾ ಅವರ ತಂಡ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರನ್ನು ನಿರ್ಮಿಸಿತು. ಭಾರತದಲ್ಲಿ ಕಾರ್ಯಾರಂಭ ಮಾಡಿದ ಮೊದಲ ಸಮಾಂತರ ಕಂಪ್ಯೂಟರ್ ಅದು. ಅದರ ಮೊದಲ ಆವೃತ್ತಿಗೆ ಬಳಸಿದ್ದು ಇದೇ 8086 ಪ್ರೊಸೆಸರುಗಳನ್ನು. ವಿಮಾನದ ಸುತ್ತ ಗಾಳಿ ಹರಿಯುವ ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿ ಮಾಡಿಸುವುದು ಅದರ ಉದ್ದೇಶ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಬಂದದ್ದು 1991ರಲ್ಲಿ. ಒಂದೇ ಕೆಲಸವನ್ನು ಹಲವರಿಗೆ ಹಂಚುವಾಗ ಹುಟ್ಟುವ ಪ್ರಶ್ನೆಗಳು ಹೀಗೆ ಕನ್ನಡ ನೆಲಕ್ಕೆ ಬಂದು ನಾಲ್ಕು ದಶಕಗಳೇ ಆಗುತ್ತ ಬಂದಿವೆ. ಅಂದು ಪ್ರಯೋಗಾಲಯದ ಸೊತ್ತಾಗಿದ್ದ ಬಹು ಪ್ರೊಸೆಸರುಗಳ ಯಂತ್ರ ಇಂದು ನಮ್ಮೆಲ್ಲರ ಜೇಬಿನ ಮೊಬೈಲಿನಲ್ಲಿದೆ.

ಆದರೆ ಒಳ್ಳೆಯ ಸಾಧನವಿದ್ದ ಮಾತ್ರಕ್ಕೆ ಅದರ ಬಳಕೆ ಸರಿಯಾಗಿರಬೇಕೆಂದಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕೆಯ ಈಶಾನ್ಯ ಭಾಗ ಹಾಗೂ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸುಮಾರು 5 ಕೋಟಿ ಜನರ ಮನೆಗಳಲ್ಲಿ ವಿದ್ಯುತ್ ಹೋಯಿತು. ಮೂಲದಲ್ಲಿ ಒಹಾಯೊ ರಾಜ್ಯದ ತಂತಿಗಳಿಗೆ ಮರಗಳು ತಗುಲಿದ್ದವು. ಅದನ್ನು ತಿಳಿಸಬೇಕಾಗಿದ್ದ ನಿಯಂತ್ರಣ ಕೊಠಡಿಯ ಎಚ್ಚರಿಕೆ ವ್ಯವಸ್ಥೆ ಮೌನವಾಗಿತ್ತು. ವಾರಗಟ್ಟಲೆ ಶೋಧಿಸಿದ ಮೇಲೆ ಕಾರಣ ಸಿಕ್ಕಿತು: ಒಂದೇ ದತ್ತಾಂಶದ ಮೇಲೆ ಬರೆಯಲು ಎರಡು ಪ್ರಕ್ರಿಯೆಗಳಿಗೆ ಒಂದೇ ಕ್ಷಣದಲ್ಲಿ ಅವಕಾಶ ದೊರೆತಿತ್ತು. ಆ ತಂತ್ರಾಂಶ ಅದಕ್ಕೆ ಮೊದಲು ಬೇರೆಬೇರೆ ಕಡೆ ಒಟ್ಟು 30 ಲಕ್ಷ ಗಂಟೆಗಳಿಗೂ ಮಿಕ್ಕಿ ಕೆಲಸ ಮಾಡಿದ್ದರೂ ಆ ದೋಷ ಒಮ್ಮೆಯೂ ಕಾಣಿಸಿರಲಿಲ್ಲವೆಂದು ತಯಾರಕರೇ ಹೇಳಿದರು. 30 ಲಕ್ಷ ಗಂಟೆ ಎಂದರೆ 340 ವರ್ಷಗಳಿಗೂ ಹೆಚ್ಚು! ಥಾರ್ಪಿನ ಟಪಾಲು ಗಾಡಿಯ ಕಥೆಯೇ ಮತ್ತೊಮ್ಮೆ ನಡೆದಂತಾಯಿತು.

ಹಾಗಾದರೆ ಹೆಣಿಗೆಗಳನ್ನೆಲ್ಲ ಪರೀಕ್ಷಿಸಿಬಿಡಬಾರದೇ ಎಂದು ಕೇಳುವಿರಿ. ಇಬ್ಬರಿಗೆ ತಲಾ ಹತ್ತು ಹೆಜ್ಜೆಗಳಾದರೆ ಹೆಣಿಗೆಗಳು 1,84,756. ಮೂವರಿಗೆ ತಲಾ ಹತ್ತಾದರೆ ಸುಮಾರು 5.55 ಲಕ್ಷ ಕೋಟಿ. ಮನುಷ್ಯರಿಂದ ಆಗದ ಕೆಲಸ. ಯಂತ್ರಕ್ಕೂ ಸುಲಭವಲ್ಲ.

ಇದರ ಮೇಲೆ ಇನ್ನೊಂದು ತೊಡಕಿದೆ. ಇದುವರೆಗೆ ನಾವು, ಬರೆದದ್ದು ಆ ಕ್ಷಣವೇ ಹಲಗೆಯ ಮೇಲೆ ಎಲ್ಲರಿಗೂ ಕಾಣುತ್ತದೆ ಎಂದು ಊಹಿಸಿದ್ದೆವು. ಇಂದಿನ ಪ್ರೊಸೆಸರುಗಳು ವೇಗಕ್ಕಾಗಿ ಹಾಗೆ ಮಾಡುವುದಿಲ್ಲ. ಬರೆಯಬೇಕಾದುದನ್ನು ಮೊದಲು ತಮ್ಮ ಚೀಟಿಯಲ್ಲಿ ಗುರುತು ಹಾಕಿಕೊಂಡು, ಕೊಂಚ ತಡೆದು ಹಲಗೆಗೆ ಏರಿಸುತ್ತವೆ. ಎರಡು ಹಲಗೆಗಳಿವೆ, ಎರಡರ ಮೇಲೂ ಸೊನ್ನೆ ಇದೆ ಎಂದುಕೊಳ್ಳಿರಿ. ಒಬ್ಬರು ಮೊದಲ ಹಲಗೆಯಲ್ಲಿ 1 ಬರೆದು ಎರಡನೆಯದನ್ನು ಓದಬೇಕು, ಇನ್ನೊಬ್ಬರು ಎರಡನೆಯದರಲ್ಲಿ 1 ಬರೆದು ಮೊದಲನೆಯದನ್ನು ಓದಬೇಕು. ಹೇಗೆ ಹೆಣೆದರೂ ಇಬ್ಬರಲ್ಲಿ ಒಬ್ಬರಾದರೂ 1 ಎಂದು ಓದಲೇಬೇಕು. ಆದರೆ ಸಾಮಾನ್ಯ ಇಂಟೆಲ್ ಪ್ರೊಸೆಸರಿನಲ್ಲಿಯೂ ಇಬ್ಬರೂ ಸೊನ್ನೆ ಓದುವುದುಂಟು, ಏಕೆಂದರೆ ಬರೆದದ್ದು ಇಬ್ಬರ ಚೀಟಿಯಲ್ಲಿಯೇ ಉಳಿದಿರುತ್ತದೆ. ಎಲ್ಲರ ಹೆಜ್ಜೆಗಳೂ ಒಂದೇ ಸಾಲಿನಲ್ಲಿ ನಡೆದಂತೆ ಫಲಿತಾಂಶ ಬರಬೇಕೆಂಬ ನಿಯಮವನ್ನು ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿಯೇ ನಿರೂಪಿಸಿದ್ದನು. ಆ ನಿಯಮವನ್ನು ಯಂತ್ರಗಳು ತಾವಾಗಿಯೇ ಪಾಲಿಸುವುದಿಲ್ಲ, ಪ್ರೋಗ್ರಾಮ್ ಬರೆಯುವವರು ಕೇಳಿ ಪಡೆಯಬೇಕು. ಯಾವ ಬರಹ ಯಾವಾಗ ಯಾರಿಗೆ ಕಾಣಬೇಕೆಂಬ ಈ ನಿಯಮಗಳನ್ನು ಜಾವಾ ಭಾಷೆ 2004ರಲ್ಲಿ ತಿದ್ದಿಕೊಂಡಿತು. ಸಿ ಮತ್ತು ಸಿ++ ಭಾಷೆಗಳ ಮಾನಕಗಳಲ್ಲಿ ಅವು ಸೇರಿದ್ದು 2011ರಲ್ಲಿ.

ರಸ್ಟ್ ಎಂಬುದು ಕಂಪ್ಯೂಟರಿನ ತಳಹದಿಯ ತಂತ್ರಾಂಶಗಳನ್ನು ಬರೆಯಲು ರೂಪುಗೊಂಡ ಭಾಷೆ. ಗ್ರೇಡನ್ ಹೋರ್ 2006ರಲ್ಲಿ ಸ್ವಂತ ಆಸಕ್ತಿಯಿಂದ ಆರಂಭಿಸಿದ ಅದರ ಮೊದಲ ಸ್ಥಿರ ಆವೃತ್ತಿ 2015ರ ಮೇ 15ರಂದು ಹೊರಬಂದಿತು. ಇಬ್ಬರು ರಕ್ಷಣೆಯಿಲ್ಲದೆ ಒಂದೇ ಹಲಗೆಯ ಮೇಲೆ ಬರೆಯುವಂತಹ ಪ್ರೋಗ್ರಾಮನ್ನು, ನಾವು ವಿಶೇಷ ವಿನಾಯಿತಿ ಕೇಳದ ಹೊರತು, ಈ ಭಾಷೆ ಮೊದಲೇ ತಿರಸ್ಕರಿಸುತ್ತದೆ. ಅಖಂಡ ಕ್ರಿಯೆಗಳಿಗೆ ಪ್ರತ್ಯೇಕ ಪ್ರಕಾರಗಳಿವೆ. ಪ್ರತಿ ಕ್ರಿಯೆಗೂ ಎಷ್ಟು ಕಟ್ಟುನಿಟ್ಟಿನ ಕ್ರಮ ಬೇಕೆಂಬುದನ್ನು 'ರಿಲ್ಯಾಕ್ಸ್ಡ್', 'ಅಕ್ವೈರ್', 'ರಿಲೀಸ್' ಮುಂತಾದ ಹೆಸರುಗಳಿಂದ ಬರೆಯುವವರೇ ಹೇಳಬೇಕು. ಇಷ್ಟಾದರೂ ತಪ್ಪಲು ದಾರಿಗಳಿವೆ. ಅಖಂಡವಾಗಿ ಓದಿ, ಬಳಿಕ ಅಖಂಡವಾಗಿ ಬರೆದರೆ, ಎರಡು ಅಖಂಡ ಕ್ರಿಯೆಗಳ ನಡುವೆ ಅದೇ ಹಳೆಯ ಬಿರುಕು! 'ಕೂಡಿಸಿ ಬರೆ' ಎಂಬ ಒಂದೇ ಆದೇಶವನ್ನು ಬಳಸಿದರೆ ಬಿರುಕು ಮುಚ್ಚುತ್ತದೆ. ಈ ವ್ಯತ್ಯಾಸವನ್ನು ಭಾಷೆ ಎತ್ತಿ ಹೇಳುವುದಿಲ್ಲ.

ಆದಕಾರಣ ಪರೀಕ್ಷೆಯ ಕ್ರಮವೇ ಬದಲಾಗಬೇಕಾಯಿತು. 2019ರ ಸುಮಾರಿಗೆ ಟೋಕಿಯೊ ಎಂಬ ರಸ್ಟ್ ಯೋಜನೆಯವರು 'ಲೂಮ್' ಎಂಬ ಸಾಧನವನ್ನು ಬಳಕೆಗೆ ತಂದರು. ಲೂಮ್ ಎಂದರೆ ಮಗ್ಗ, ಎಳೆಗಳನ್ನು ಹೆಣೆಯುವಂಥದು. ಎಷ್ಟು ಸೊಗಸಾದ ಹೆಸರು! ಅದು ಅಖಂಡ ಕ್ರಿಯೆಗಳ ಜಾಗದಲ್ಲಿ ತನ್ನವೇ ಅಣಕು ಕ್ರಿಯೆಗಳನ್ನು ಇರಿಸಿ, ಹಲಗೆಯ ಮೇಲಿನ ಹಳೆಯ ಮೌಲ್ಯ ಕಾಣುವಂತಹ ಪ್ರಸಂಗಗಳನ್ನೂ ಗಣಿಸಿ, ಸಾಧ್ಯವಿರುವ ಹೆಣಿಗೆಗಳನ್ನು ಒಂದಾದ ಮೇಲೊಂದರಂತೆ ನಡೆಸಿ ನೋಡುತ್ತದೆ. ಫಲದಲ್ಲಿ ಭೇದವಿಲ್ಲದ ಹೆಣಿಗೆಗಳನ್ನು ಬಿಟ್ಟುಬಿಡುತ್ತದೆ. ಬೇರೆ ಪರೀಕ್ಷೆಗಳಿಗೆ ಸಿಗದ ಹತ್ತಕ್ಕೂ ಹೆಚ್ಚು ದೋಷಗಳನ್ನು ಇದು ತಮ್ಮ ತಂತ್ರಾಂಶದಲ್ಲಿ ಹುಡುಕಿಕೊಟ್ಟಿತೆಂದು ಆ ಯೋಜನೆಯವರು ಬರೆದಿದ್ದಾರೆ. ಆದರೆ ಮೇಲಿನ ಲಕ್ಷ ಕೋಟಿಗಳ ಲೆಕ್ಕ ಮರೆಯಬಾರದು. ಈ ವಿಧಾನ ಚಿಕ್ಕ ತುಣುಕುಗಳಿಗೇ ಸರಿ. ಪ್ರೋಗ್ರಾಮಿನ ನಿರ್ಣಾಯಕ ಭಾಗವನ್ನು ಚಿಕ್ಕದಾಗಿ ಬೇರ್ಪಡಿಸಿ ಬರೆಯುವ ಶಿಸ್ತು ಇದ್ದವರಿಗೆ ಮಾತ್ರ ಮಗ್ಗ ಉಪಯೋಗಕ್ಕೆ ಬರುತ್ತದೆ.

ಈ ಬಗೆಯ ಶೋಧನೆ ನಮ್ಮಲ್ಲಿಯೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಲ್ಲವಿ ಮಯ್ಯ, ಆದಿತ್ಯ ಕಾನಡೆ ಅವರು ಜರ್ಮನಿಯ ಸಂಶೋಧನ ಸಂಸ್ಥೆಯೊಂದರ ರೂಪಕ್ ಮಜುಂದಾರ್ ಅವರೊಡನೆ, ಆಂಡ್ರಾಯ್ಡ್ ಮೊಬೈಲಿನ ತಂತ್ರಾಂಶಗಳಲ್ಲಿ ಇಂತಹ ಪೈಪೋಟಿಯ ದೋಷಗಳನ್ನು ಪತ್ತೆಹಚ್ಚುವ ಸಾಧನವೊಂದನ್ನು ರೂಪಿಸಿ 2014ರಲ್ಲಿ ಪ್ರಬಂಧ ಪ್ರಕಟಿಸಿದರು.

ಇಷ್ಟೆಲ್ಲ ಹೇಳಿದ ಮೇಲೆ ಸಾರವೇನು? ಶಾಲೆಯಲ್ಲಿ ನಾವು 'ಅಭ್ಯಾಸ ಬಲ' ಎನ್ನುತ್ತೇವೆ. ಪುನರಾವೃತ್ತಿಯಿಂದ ಕಲಿಕೆ ಗಟ್ಟಿಯಾಗುವುದು ನಿಜ. ಆದರೆ ಪುನರಾವೃತ್ತಿಯಿಂದ ಸತ್ಯ ಸಿದ್ಧವಾಗುವುದಿಲ್ಲ. ಒಂದೇ ಹೆಣಿಗೆಯನ್ನು ಸಾವಿರ ಸಲ ನಡೆಸಿದರೆ ಅದು ಒಂದೇ ಪರೀಕ್ಷೆ, ಸಾವಿರವಲ್ಲ. ಟೈಯರ್ ಮಾಡಿದ್ದು ಬಿರುಕನ್ನೇ ಮುಚ್ಚಿದ ಕೆಲಸ. ಕ್ನೂತ್ ಮಾಡಿದ್ದು ತಪ್ಪುವ ಹೆಣಿಗೆಯನ್ನು ಹುಡುಕಿದ ಕೆಲಸ. ಎರಡೂ ಬೇಕು. ವಿದ್ಯುತ್ ಜಾಲ, ಬ್ಯಾಂಕಿನ ಖಾತೆ, ಆಸ್ಪತ್ರೆಯ ಉಪಕರಣ, ರೈಲಿನ ಸಿಗ್ನಲ್ ಇವೆಲ್ಲ ಇಂದು ನಿಮ್ಮಂಥವರು ಬರೆದ ತಂತ್ರಾಂಶದ ಮೇಲೆ ನಿಂತಿವೆ. ಆದುದರಿಂದ 'ಪರೀಕ್ಷಿಸಿದೆ' ಎಂದು ಬರೆಯುವ ಮೊದಲು, ಎಷ್ಟು ಸಲ ಎಂಬುದಕ್ಕಿಂತ ಯಾವ ಯಾವ ಹೆಣಿಗೆಗಳನ್ನು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ.

ಕೊನೆಯಲ್ಲಿ, ಮೇಷ್ಟ್ರ ಚಾಳಿ ಬಿಡದು, ಒಂದು ಮನೆಗೆಲಸ. ಸಭಾಂಗಣಕ್ಕೆ ಮೂರು ಬಾಗಿಲು, ಮೂವರು ಶಿಕ್ಷಕರು, ತಲಾ ಒಂದು ಮಗು, ತಲಾ ಅದೇ ಮೂರು ಹೆಜ್ಜೆ. ಒಟ್ಟು ಹೆಣಿಗೆಗಳು 1,680. ಇವುಗಳಲ್ಲಿ ಸರಿಯಾದ ಲೆಕ್ಕ ಕೊಡುವಂಥವು ಎಷ್ಟು? ಕಾಗದ, ಪೆನ್ಸಿಲ್ ಸಾಕು, ಕಂಪ್ಯೂಟರ್ ಬೇಡ. ಉತ್ತರವನ್ನು ಕಾರಣಸಹಿತ ಬರೆದು ಕಳುಹಿಸಿರಿ.